ಕಡಲಿಗೆ ಹೋದ ಕಿಲಾರಿಯ ಮಗ

ನನ್ನ ಹೆಂಡತಿ ಸೂರಮ್ಮನ ತಮ್ಮ ಓಬಳೇಶ ಕಡಲಲ್ಲಿ ಬೋಟಿನ ಕೆಲಸ ಮಾಡುತ್ತಾನೆ ಎಂದರೆ ಚಳ್ಳಕೆರೆಯಲ್ಲಿ ಯಾರೂ ನಂಬುವುದಿಲ್ಲ. ಪಾವಗಡ ರಸ್ತೆಯಲ್ಲಿರುವ ನನ್ನ ಹೋಟೆಲಿಗೆ ಚಹಾಕ್ಕೆ ಬರುವ ಎಣ್ಣೆ ಮಿಲ್ಲಿನ ಹಮಾಲರಂತೂ, “ಏನ್ ಪಾಲಾಕ್ಷಣ್ಣ, ನಿನ್ ಭಾಮೈದ ವೇದಾವತಿ ಹೊಳೆಯಾಗೆ ಬೋಟ್ ಓಡಿಸ್ತಾನಾ?” ಎಂದು ಕಿಚಾಯಿಸುತ್ತಾರೆ. ಆ ಹೊಳೆಯಲ್ಲಿ ನೀರಿಗಿಂತ ಮರಳಿನ ಲಾರಿಗಳೇ ಹೆಚ್ಚು ಓಡಿವೆ. ಮೊದಲೆಲ್ಲ ಅವರ ಜೊತೆ ಸೇರಿ ನಾನೂ ನಗುತ್ತಿದ್ದೆ. ಹೋದ ವರ್ಷ ದಸರಾ ಕಳೆದ ಮೇಲೆ ಅವನ ಬೋಟಿನಲ್ಲಿ ಒಂದು ಸಲ ಹೋಗಿಬಂದೆ. ಈಗ ಯಾರಾದರೂ ನಕ್ಕರೆ ಮೈಯೆಲ್ಲ ಉರಿಯುತ್ತದೆ.

ಓಬಳೇಶನ ಊರು ಮೊಳಕಾಲ್ಮೂರು ತಾಲ್ಲೂಕಿನ ಒಂದು ಹಟ್ಟಿ. ಬಾಗಿಲಲ್ಲಿ ನಿಂತರೆ ಬ್ರಹ್ಮಗಿರಿ ಗುಡ್ಡ ಕಾಣುತ್ತದೆ. ಅಪ್ಪ ಹುಲಿಯಪ್ಪ ಕಿಲಾರಿ, ಅಂದರೆ ದೇವರಿಗೆ ಬಿಟ್ಟ ದನಗಳನ್ನು ಕಾಯುವವನು. ಆ ಎತ್ತುಗಳಿಗೆ ಯಾರೂ ನೊಗ ಕಟ್ಟುವಂತಿಲ್ಲ. ಹುಲ್ಲು ಎಲ್ಲಿದೆಯೋ ಅಲ್ಲಿಗೆ ಹೊಡೆದುಕೊಂಡು ಹೋಗಿ ಮೇಯಿಸಿಕೊಂಡು ಬರುವುದೇ ಕಿಲಾರಿಯ ಕೆಲಸ. ಓಬಳೇಶನೂ ನಡೆಯಲು ಕಲಿತಾಗಿನಿಂದ ಅಪ್ಪನ ಹಿಂದೆ ಅಲೆದವನೇ. ಅಪ್ಪನ ಕೋಲು ಅಣ್ಣನ ಕೈಗೆ ಹೋದ ಮೇಲೆ ಇವನು ಮಲ್ಪೆಗೆ ಹೋಗಿ ಐಸ್ ಫ್ಯಾಕ್ಟರಿಯಲ್ಲಿ ಕೂಲಿಗೆ ನಿಂತ. ಅಲ್ಲಿಂದ ಬೋಟು ಹತ್ತಿದ್ದು ತೆಲುಗಿನ ದೆಸೆಯಿಂದ. ಮಲ್ಪೆಯ ಬೋಟುಗಳಲ್ಲಿ ಶ್ರೀಕಾಕುಳಂ ಕಡೆಯ ಆಳುಗಳು ಬಹಳ ಜನ. ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಹೇಳಿದ್ದು ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮ ಹಟ್ಟಿಗಳಲ್ಲಿ ಕನ್ನಡ ತೆಲುಗು ಎರಡೂ ಒಂದೇ ಒಲೆಯ ಮೇಲೆ ಬೇಯುತ್ತವೆ. ನಡುವೆ ನಿಂತು ಮಾತಾಡಲು ಕರೆದೊಯ್ದವರು ಇವನ ಕೈಗೆ ಹಗ್ಗವನ್ನೂ ಕೊಟ್ಟರು.

ಹಗ್ಗ ಎಳೆಯುತ್ತ ಎಳೆಯುತ್ತ ಅವನಿಗೆ ಕಡಲಿನ ಹುಚ್ಚು ಹಿಡಿಯಿತು. ಊರಿಗೆ ಬಂದರೂ ಅದೇ ಮಾತು. ನೀರು ಹೀಗಿತ್ತು, ಸೆಳೆತ ಹಾಗಿತ್ತು, ಹಕ್ಕಿ ಈ ಕಡೆ ತಿರುಗಿದವು. ಸೂರಮ್ಮ, “ಉಣ್ಣಲೇ ಮೊದ್ಲು” ಎಂದು ಗದರಿದ ಮೇಲೇ ತಟ್ಟೆಯ ಕಡೆ ನೋಡುತ್ತಿದ್ದ. ಕೊನೆಗೆ ಬೋಟಿನ ಒಡತಿ ಜಲಜಕ್ಕ ಅವನನ್ನೇ ತಂಡೇಲ ಮಾಡಿದಳು. ಘಟ್ಟದ ಮೇಲಿನವನಿಗೆ ತಂಡೇಲಿಕೆಯೇ ಎಂದು ಬಂದರಿನಲ್ಲಿ ಮೂಗು ಮುರಿದವರೇ ಎಲ್ಲ. ಅದೇ ಬೋಟಿನಲ್ಲಿ ತಲೆ ನರೆತ ದೂಮಪ್ಪ ಎಂಬುವನಿದ್ದ. ತಂಡೇಲಿಕೆ ನ್ಯಾಯವಾಗಿ ಅವನಿಗೆ ಬರಬೇಕಿತ್ತು. ಅವನು ಮೂಗು ಮುರಿಯಲಿಲ್ಲ, ಸುಮ್ಮನಾದ. ಹಾಗೆ ಸುಮ್ಮನಿದ್ದದ್ದೇ ಓಬಳೇಶನಿಗೆ ಹೆಚ್ಚು ಕಷ್ಟವಾಗಿತ್ತು.

ಹೋದ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟು ಇಳಿದ ಮೇಲೆ ಎರಡು ಸಲವೂ ಬರಿಗೈಯಲ್ಲಿ ಬಂದ. ಜಲಜಕ್ಕ ಕರೆದು ನೇರವಾಗಿಯೇ ಹೇಳಿದಳಂತೆ: “ಇದೊಂದು ಸಲ ನೋಡುವ ಓಬಳೇಶ. ಈ ಸಲವೂ ಹೀಗೇ ಆದ್ರೆ ದೂಮಪ್ಪಣ್ಣ ತಂಡೇಲ. ನೀನು ಮೊದಲಿನ ಹಾಗೆ ಹಗ್ಗ ಎಳಿ.”

ಆಗ ನನಗೆ ಫೋನು ಬಂತು.

“ಭಾವ, ನಮ್ ಅಡಿಗೆಯೋನು ಟೈಫಾಯ್ಡು ಅಂತ ಊರಿಗೋಗ್ಯಾನೆ. ನೀನು ಬಾ. ಒಂದೇ ಸಲ.”

“ಲೇ, ನಂಗೆ ಕೆರೆ ಏರಿ ಮ್ಯಾಲೆ ನಿಂತ್ರೇ ತಲೆ ಸುತ್ತತೈತೆ. ಕಡ್ಲಿಗೆ ಕರೀತೀಯಲ್ಲ, ನಿಂಗೇನ್ ಬಂದೈತೆ?”

“ಅಡಿಗೆಗಲ್ಲ ಭಾವ. ನಮ್ಮೋರು ಅಂತ ಒಬ್ರು ಇರ್ಲಿ ಅಂತ” ಎಂದ.

ಹಾಗೆಂದ ಮೇಲೆ ಏನು ಹೇಳುವುದು? ಹೋಟೆಲನ್ನು ಸೂರಮ್ಮನಿಗೆ ವಹಿಸಿ ಬಸ್ಸು ಹತ್ತಿದೆ.

ಬೋಟಿನಲ್ಲಿ ನಾವು ಎಂಟು ಜನ. ಬಂದರು ಕಣ್ಮರೆಯಾಗುವ ಮೊದಲೇ ನಾನು ಮಲಗಿಬಿಟ್ಟೆ. ಹೊಟ್ಟೆಯಲ್ಲಿದ್ದುದೆಲ್ಲ ಕಡಲಿಗೆ ಹೋಯಿತು, ಇಲ್ಲದ್ದೂ ಹೋಯಿತು. ಎದ್ದು ಒಲೆ ಹಚ್ಚುವಷ್ಟರಲ್ಲಿ ಆಳುಗಳೆಲ್ಲ ನನ್ನ ಮೇಲೆ ಮುನಿಸಿಕೊಂಡಿದ್ದರು. ಕೋಳಿ ಸಾರು ಬೇಕೆಂದರು. ನಾವು ಮ್ಯಾಸ ನಾಯಕ ಕುಲದವರು ಕೋಳಿ ಮುಟ್ಟುವುದಿಲ್ಲ, ಬೇಯಿಸುವುದಂತೂ ದೂರ ಉಳಿಯಿತು. ಮೀನು ಆಗುತ್ತದೆಯೋ ಎಂದು ಅಪ್ಪಲರಾಜು ಎಂಬ ಶ್ರೀಕಾಕುಳಂನವನು ತೆಲುಗಿನಲ್ಲಿ ಕೇಳಿದ. ಕೋಳಿ ಬೇಡವೆಂದ ನಮ್ಮ ಹಿರಿಯರು ಕಡಲು ಕಂಡವರಲ್ಲ, ಮೀನಿನ ಸುದ್ದಿಯನ್ನೇ ಎತ್ತಿಲ್ಲ ಎಂದೆ. ಅವನು ಬಿದ್ದು ಬಿದ್ದು ನಕ್ಕ. ಅಲ್ಲಿಂದ ನನಗೂ ಅವರಿಗೂ ಸರಿಹೋಯಿತು.

ಓಬಳೇಶ ಮಾತ್ರ ನಗಲಿಲ್ಲ. ಅವನಿಗೆ ನಿದ್ದೆಯೂ ಇರಲಿಲ್ಲ. ನಾವು ಹೊರಟಿದ್ದು ಟ್ಯೂನಾ ಹಿಡಿಯಲು. ಮಲ್ಪೆಯವರು ಅದನ್ನು ಕೇದರ ಎನ್ನುತ್ತಾರೆ. ಅದು ಒಂದು ಕಡೆ ನಿಲ್ಲುವ ಮೀನಲ್ಲ. ಇವತ್ತು ಇಲ್ಲಿದ್ದರೆ ನಾಳೆ ಎಲ್ಲೋ. ಕಡಲೇನು ಚಿಕ್ಕದೇ? ಅದಕ್ಕಾಗಿ ಹೈದರಾಬಾದಿನ ಸರ್ಕಾರಿ ಕಚೇರಿಯಿಂದ ಮೀನುಗಾರರ ಮೊಬೈಲಿಗೆ ನಕ್ಷೆ ಬರುತ್ತದೆ. ಉಪಗ್ರಹ ಮೇಲಿನಿಂದ ನೀರಿನ ಬಣ್ಣ, ನೀರಿನ ಬಿಸಿ ನೋಡಿ ಇಂಥ ಕಡೆ ಮೀನು ಇರಬಹುದು ಎಂದು ಹೇಳುತ್ತದೆ. ಹೊರಡುವ ಮುಂಚೆ ಓಬಳೇಶ ಅದನ್ನು ನನಗೂ ತೋರಿಸಿದ್ದ. ನಾವು ಹೋಗುವ ಕಡೆಯೆಲ್ಲ ಬರೀ ಬಿಳಿ.

“ಇದೇನಲೇ, ಖಾಲಿ ಐತೆ?”

“ಮೋಡ ಭಾವ. ಮೋಡ ಇದ್ರೆ ಅದಕ್ಕೆ ನೀರು ಕಾಣಲ್ಲ. ಈ ಸಲ ನಾವೇ ಹುಡುಕ್ಬೇಕು.”

ಹುಡುಕುವುದು ಹೇಗೆ ಎಂದು ಕೇಳಿದ್ದಕ್ಕೆ ಅವನು ಬಿಡಿಸಿ ಹೇಳಿದ. ದಡದ ಕಡೆಯ ತಣ್ಣನೆಯ ನೀರು ಹಸಿರಾಗಿರುತ್ತದೆ. ಅದರಲ್ಲಿ ಸಣ್ಣ ಮೀನುಗಳಿಗೆ ಮೇವು ಇರುತ್ತದೆ. ಆಚೆಯ ಬೆಚ್ಚನೆಯ ನೀರು ನೀಲಿ, ತಿಳಿ. ಕೇದರ ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನು, ಅದಕ್ಕೆ ತಿಳಿ ನೀರೇ ಬೇಕು. ಆದರೆ ತಿನ್ನುವ ಸಣ್ಣ ಮೀನು ಹಸಿರಿನಲ್ಲಿದೆ. ಹಾಗಾಗಿ ಹಸಿರೂ ನೀಲಿಯೂ ಸೇರುವ ಗಡಿಯಲ್ಲಿ, ನೀಲಿಯ ಕಡೆ ನಿಂತು ಹೊಂಚು ಹಾಕುತ್ತದೆ.

“ಹೊಲದ ಬದುವಿನಾಗೆ ದನ ನಿಂತು ಪೈರಿನ್ ಕಡೆ ನೋಡ್ತಾವಲ್ಲ, ಹಂಗೆ” ಎಂದ.

ಆ ಗಡಿ ಸಿಕ್ಕಿದರೆ ಮೀನು ಸಿಕ್ಕಿದಂತೆ. ಅದು ಸಿಗಬೇಕಲ್ಲ. ಬೋಟಿನ ತಳದಲ್ಲಿ ನೀರಿನ ಬಿಸಿ ಅಳೆಯುವ ಒಂದು ಕಡ್ಡಿ ಇತ್ತು, ಅದರ ಅಂಕಿ ಚುಕ್ಕಾಣಿಯ ಪಕ್ಕ ಕಾಣುತ್ತಿತ್ತು. ಓಬಳೇಶ ಅದನ್ನೇ ನೋಡುತ್ತ ಬೋಟು ನಡೆಸುತ್ತಿದ್ದ. ಅಂಕಿ ಅಲ್ಲಾಡುತ್ತಿರಲಿಲ್ಲ. ಆಗಾಗ ಬೋಟು ನಿಲ್ಲಿಸಿ, ನನ್ನ ಅಡುಗೆ ಮನೆಯ ಬಿಳಿ ಪಿಂಗಾಣಿ ತಟ್ಟೆಗೆ ದಾರ ಕಟ್ಟಿ ನೀರಿಗೆ ಇಳಿಬಿಡುತ್ತಿದ್ದ. ತಟ್ಟೆ ಎಷ್ಟು ಆಳದವರೆಗೆ ಕಾಣುತ್ತದೆ ಎಂದು ನೋಡುವುದು. ತಿಳಿ ನೀರಾದರೆ ಬಹಳ ಆಳದವರೆಗೆ ಕಾಣುತ್ತದೆ. ನಮ್ಮದು ಇಳಿಯುತ್ತಲೇ ಮಾಯವಾಗುತ್ತಿತ್ತು. ಹಸಿರು ನೀರು. ಮತ್ತೆ ಮುಂದೆ. ಮತ್ತೆ ತಟ್ಟೆ. ಮತ್ತೆ ಹಸಿರು. ಅಲೆಯುವ ಒಂದೊಂದು ದಿನವೂ ತಳದ ಗೋದಾಮಿನಲ್ಲಿ ಐಸು ಕರಗುತ್ತಿತ್ತು. ಐಸು ಮುಗಿದರೆ ಮೀನು ಸಿಕ್ಕಿಯೂ ಉಪಯೋಗವಿಲ್ಲ.

ಇತರ ಬೋಟಿನವರನ್ನು ಕೇಳಬಹುದಲ್ಲ ಎಂದು ನನ್ನ ಪೆದ್ದು ಬುದ್ಧಿ ಓಡಿಸಿದೆ. ಓಬಳೇಶ ವಯರ್‌ಲೆಸ್ಸಿನ ಗುಂಡಿ ತಿರುಗಿಸಿ ಕೇಳಿಸಿದ. “ಇಲ್ಲಿ ಎಂಥದೂ ಇಲ್ಲ ಮಾರಾಯ, ಬರೀ ನೀರು” ಎಂದು ಯಾವನೋ ಅಳುತ್ತಿದ್ದ.

“ಪಾಪ” ಎಂದೆ.

“ಪಾಪ ಅಂತೆ! ಇವನ ಗೋದಾಮು ತುಂಬೈತೆ ಭಾವ. ನಿಜವಾಗ್ಲೂ ಮೀನಿಲ್ದೋನು ಮಾತೇ ಆಡಲ್ಲ.”

ನಮ್ಮ ಬೋಟಿನಿಂದ ಮಾತೇ ಹೋಗುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದೂಮಪ್ಪ ಗಾಳಗಳನ್ನು ಉಜ್ಜುತ್ತ ಒಂದು ಮೂಲೆಯಲ್ಲಿ ಇರುತ್ತಿದ್ದ. ಅವನು ಒಂದು ಕೆಟ್ಟ ಮಾತು ಆಡಿದ್ದರೆ ನಾನು ಜಗಳ ತೆಗೆಯುತ್ತಿದ್ದೆ, ಹೊಟ್ಟೆಯಾದರೂ ತಣ್ಣಗಾಗುತ್ತಿತ್ತು. ಅವನು ಆಡಲಿಲ್ಲ. ಓಬಳೇಶ ಮುದ್ದೆ ಮುರಿದು ಹಾಗೇ ಎದ್ದುಹೋಗುತ್ತಿದ್ದ. ಅವನ ಕೆನ್ನೆ ಒಳಕ್ಕೆ ಹೋಗಿದ್ದು ಕಂಡು ನನಗೆ ಸಂಕಟವಾಗುತ್ತಿತ್ತು. ಈ ಬೋಟನ್ನು ಇವನ ಕೈಯಿಂದ ಕಿತ್ತುಕೊಂಡರೆ ಇವನು ಇನ್ನು ಏನು ಉಳಿಸಿಕೊಂಡಾನು ಎನ್ನಿಸುತ್ತಿತ್ತು. ಹೆಂಡತಿ ಬೇಡ, ಮನೆ ಬೇಡ ಎಂದು ಈ ನೀರನ್ನೇ ಹಿಡಿದು ಕೂತಿದ್ದವನು.

ಐಸು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅಂದು ಬೆಳಿಗ್ಗೆ ನಾನು ಉಪ್ಪಿಟ್ಟು ಕೆದಕುತ್ತಿರುವಾಗ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ತಗ್ಗಿತು. ಹೊರಗೆ ಬಂದೆ. ಓಬಳೇಶ ಆ ಅಂಕಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅಂಕಿ ಏರಿತ್ತು. ಸ್ವಲ್ಪ ಮುಂದೆ ಹೋದರೆ ಇನ್ನೂ ಏರಿತು. ಮುಂದೆ ನೀರಿನ ಮೇಲೆ ಒಂದು ಗೆರೆ ಕಾಣಿಸಿತು. ಬಿಳಿ ನೊರೆ, ಪಾಚಿ, ಕಡ್ಡಿ, ಯಾವುದೋ ಊರಿನ ಹರಿದ ಚಪ್ಪಲಿ, ಎಲ್ಲ ಒಂದೇ ಸಾಲಿನಲ್ಲಿ ತೇಲುತ್ತಿದ್ದವು. ಗೆರೆಯ ಈ ಕಡೆ ಹಸಿರು. ಆ ಕಡೆ ಕಡು ನೀಲಿ. ಯಾರೋ ಕೂತು ಬಣ್ಣ ಬಳಿದರೂ ಅಷ್ಟು ನೇರವಾಗಿ ಬರಲಾರದು. ನನ್ನಂಥವನಿಗೂ ತಿಳಿಯಿತು.

“ತಟ್ಟೆ ಕೊಡು ಭಾವ!”

ತಟ್ಟೆ ಇಳಿಯಿತು. ಇಳಿಯುತ್ತ ಹೋಯಿತು. ದಾರ ಮುಗಿಯುತ್ತ ಬಂದರೂ ಬಿಳಿ ಚುಕ್ಕೆ ಕಾಣುತ್ತಲೇ ಇತ್ತು. ದೂರದಲ್ಲಿ ಹಕ್ಕಿಗಳ ಗುಂಪು ನೀರಿಗೆ ಎರಗಿ ಎರಗಿ ಏಳುತ್ತಿತ್ತು. ಅದರ ಕೆಳಗೆ ಡಾಲ್ಫಿನ್‌ಗಳ ಬೆನ್ನು ಹೊಳೆಯಿತು. ಡಾಲ್ಫಿನ್ ಇದ್ದ ಕಡೆ ಕೇದರ ಇರುವುದು ಹೆಚ್ಚು ಎಂದು ಅಪ್ಪಲರಾಜು ನನ್ನ ಕಿವಿಯಲ್ಲಿ ಹೇಳಿದ. ಆಗ ದೂಮಪ್ಪ ಎದ್ದು ಬಂದ. ನೀರಿಗೆ ಕೈ ಇಳಿಬಿಟ್ಟು ನೋಡಿದ.

“ನೀರು ಒಳ್ಳೆದುಂಟು, ತಂಡೇಲ” ಎಂದ.

ಬೋಟು ಬಿಟ್ಟಾಗಿನಿಂದ ಅವನ ಬಾಯಲ್ಲಿ ತಂಡೇಲ ಎಂಬ ಮಾತು ಬಂದದ್ದು ಅದೇ ಮೊದಲು. ಓಬಳೇಶ ಮುಖ ಆಚೆ ತಿರುಗಿಸಿಕೊಂಡ.

ಹಗ್ಗ ಬಿಟ್ಟರು. ಅದು ನಮ್ಮೂರಿನಿಂದ ಪಕ್ಕದೂರು ಮುಟ್ಟುವಷ್ಟು ಉದ್ದದ ಹಗ್ಗ. ನಡುನಡುವೆ ತೇಲುಬುಂಡೆ, ಬುಂಡೆಗಳ ನಡುವೆ ಕೆಳಕ್ಕೆ ಇಳಿಬಿದ್ದ ದಾರಗಳು, ಪ್ರತಿ ದಾರದ ತುದಿಗೂ ಒಂದು ಗಾಳ, ಗಾಳಕ್ಕೆ ಬಂಗುಡೆ ಮೀನು. ನೀಲಿಯ ಕಡೆ, ಗೆರೆಯ ಉದ್ದಕ್ಕೂ ಬಿಟ್ಟು ಕಾಯುತ್ತ ಕುಳಿತರು. ನಾನು ಚಹಾ ಮಾಡಿದೆ. ಯಾರೂ ಕುಡಿಯಲಿಲ್ಲ. ಸೂರ್ಯ ನೆತ್ತಿಯಿಂದ ವಾಲಿದ ಮೇಲೆ ಹಗ್ಗ ಸುತ್ತುವ ಚಕ್ರ ತಿರುಗಿಸಿದರು. ಮೊದಲ ಗಾಳ ಖಾಲಿ. ಎರಡನೆಯದೂ ಖಾಲಿ. ಓಬಳೇಶನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಆಮೇಲೆ ಒಂದು ಬುಂಡೆ ನೀರಿನೊಳಕ್ಕೆ ಮುಳುಗಿ ಎದ್ದಿತು. ಹಗ್ಗ ಬಿಗಿಯಿತು. ಮೂವರು ಕೊಕ್ಕೆ ಹಾಕಿ ಎಳೆದರು. ಕರುವಿನಷ್ಟು ದಪ್ಪದ ಮೀನು, ಹಳದಿ ರೆಕ್ಕೆ, ಬೋಟಿನ ಹಲಗೆಯ ಮೇಲೆ ಬಡಿದುಕೊಂಡಿತು. ಅದರ ಹಿಂದೆಯೇ ಇನ್ನೊಂದು. ಮುಂದೆ ಕಣ್ಣು ಹಾಯಿಸಿದರೆ ಬುಂಡೆಗಳು ಸಾಲು ಸಾಲಾಗಿ ಮುಳುಗುತ್ತಿದ್ದವು.

ಅಪ್ಪಲರಾಜು ಕುಣಿದ. ನಾನು ಓಬಳೇಶನ ಬೆನ್ನಿಗೆ ಗುದ್ದಿದೆ. ಅವನು ಹತ್ತಾರು ವರ್ಷ ಚಿಕ್ಕವನಾದಂತೆ ಕಂಡ. ಇವತ್ತು ಸಂಜೆಯವರೆಗೆ ಹೀಗೇ ಎಳೆದರೆ ಗೋದಾಮು ತುಂಬುತ್ತದೆ, ಬೋಟು ಅವನ ಕೈಯಲ್ಲೇ ಉಳಿಯುತ್ತದೆ. ಅಷ್ಟೇ ಬೇಕಾಗಿದ್ದುದು.

ಆಗ ಮೋಡ ಎದ್ದಿತು.

ನಮ್ಮ ಹಟ್ಟಿಗಳ ರೂಢಿಯೊಂದನ್ನು ಇಲ್ಲಿ ಹೇಳಬೇಕು. ಮೋಡ ಕಟ್ಟಿದರೆ ನಾವು ಮಾಡುತ್ತಿದ್ದ ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲುತ್ತೇವೆ. ಹೆಂಗಸರು ರೊಟ್ಟಿ ಹಂಚಿನ ಮೇಲೆ ಬಿಟ್ಟು ಬರುತ್ತಾರೆ. ನಮಗೆ ಮಳೆ ಬರುವುದೇ ಅಪರೂಪ, ಬಂದರೂ ಮನೆಗೆ ಬಂದ ನೆಂಟನಂತೆ ಸ್ವಲ್ಪ ಹೊತ್ತು. ಮೊದಲು ಧೂಳು, ಆಮೇಲೆ ದಪ್ಪ ಹನಿ, ಒಂದು ಗಳಿಗೆ ಸುರಿದು ಹೊರಟುಹೋಗುತ್ತದೆ. ಹನಿ ಬಿದ್ದಾಗ ಯಾರಾದರೂ ಒಳಗೆ ಓಡಿದರೆ ಮುದುಕಿಯರು, “ಬಂದೋರ ಮುಖಕ್ಕೆ ಬಾಗ್ಲು ಹಾಕ್ತೀಯೇನಲೇ?” ಎಂದು ಬೈಯುತ್ತಾರೆ. ಮೋಡ ಕಂಡು ಹೆದರಿದವನನ್ನು ನಾನು ಚಳ್ಳಕೆರೆ ಸೀಮೆಯಲ್ಲೇ ಕಂಡಿಲ್ಲ.

ಪಡುವಣ ದಿಕ್ಕಿನಲ್ಲಿ ಕಡಲಿನಿಂದಲೇ ಎದ್ದಂತೆ ಕಪ್ಪಗೆ, ಉದ್ದಕ್ಕೆ, ಒಂದೇ ಅಂಚಿನ ಮೋಡ. ನಾನು ಸೌಟು ಹಿಡಿದೇ ಹೊರಗೆ ಬಂದೆ. ಓಬಳೇಶನೂ ಚುಕ್ಕಾಣಿಯ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತ. ಇಬ್ಬರೂ ತಲೆ ಎತ್ತಿ ನಿಂತೆವು. ಅವನ ಮುಖದಲ್ಲಿ ನಗು ಬಂತು. ದೇವರಾಣೆ, ನನಗೂ ಬಂತು.

“ಚಿತ್ತೆ ಮಳೆ ಭಾವ” ಎಂದ. “ಊರ ಕಡೆಗೂ ಹೋಗ್ತೈತೆ ಇದು.”

ಹಿಂದಿನಿಂದ ದೂಮಪ್ಪ ಕೂಗಿದ: “ತಂಡೇಲ, ಅದು ಗಾಳಿ ಮೋಡ! ಹಗ್ಗ ಇಲ್ಲಿಗೇ ಕಡಿದು ತುದಿಗೆ ಬಾವುಟದ ಬುಂಡೆ ಕಟ್ಟಿ ಬಿಡುವ. ಗಾಳಿ ಹೋದ ಮೇಲೆ ಬಂದು ಹುಡುಕಿದ್ರಾಯ್ತು. ಬೋಟು ತಿರುಗಿಸಿ!”

“ಸುರಿದು ಹೋಗ್ತೈತೆ ದೂಮಪ್ಪಣ್ಣ” ಎಂದ ಓಬಳೇಶ, ಇನ್ನೂ ಮೇಲೆ ನೋಡುತ್ತಲೇ. “ನೀವು ಎಳೀರಿ.”

“ಇದು ನಿಮ್ಮ ಊರಿನ ಮಳೆ ಅಲ್ಲ ಮಾರಾಯ!”

ಓಬಳೇಶನಿಗೆ ಅದು ಕೇಳಿಸಿತು. ಆದರೆ ಮುಖದ ನಗು ಇಳಿಯಲಿಲ್ಲ. ಅದು ಅವನ ಕೈಯಲ್ಲಿರಲಿಲ್ಲ. ಮೀನು ಬರುತ್ತಿತ್ತು, ಮೋಡವೂ ಬರುತ್ತಿತ್ತು, ಎರಡೂ ಒಳ್ಳೆಯದೇ ಎಂದು ಅವನ ಮೈಯೇ ಹೇಳುತ್ತಿತ್ತು. ಆಳುಗಳು ಒಮ್ಮೆ ಮೋಡ ನೋಡಿದರು, ಒಮ್ಮೆ ತಂಡೇಲನ ಮುಖ ನೋಡಿದರು. ಅವನು ನಗುತ್ತಿದ್ದ. ಅವರು ಮತ್ತೆ ಹಗ್ಗಕ್ಕೆ ಬಗ್ಗಿದರು.

ಗಾಳಿ ಬಂದದ್ದಲ್ಲ, ಹೊಡೆದದ್ದು. ನೀಲಿ ನೀರು ಕಪ್ಪಾಯಿತು. ಬೋಟು ಒಂದು ಮಗ್ಗುಲಿಗೆ ವಾಲಿ ನನ್ನ ಪಾತ್ರೆಗಳೆಲ್ಲ ಒಂದರ ಮೇಲೊಂದು ಬಿದ್ದವು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಓಬಳೇಶ ಒಳಗೆ ಹಾರಿ ಚುಕ್ಕಾಣಿ ಹಿಡಿದ. ಬೋಟಿನ ಮೂತಿಯನ್ನು ಗಾಳಿಗೆ ತಿರುಗಿಸಬೇಕು, ಆದರೆ ಅಷ್ಟುದ್ದದ ಹಗ್ಗ ಮಗ್ಗುಲಿನಿಂದ ಜಗ್ಗುತ್ತಿತ್ತು, ತಿರುಗಲು ಬಿಡುತ್ತಿರಲಿಲ್ಲ. ಅಲೆ ಬಂದು ಹಲಗೆಯ ಮೇಲಿನ ಮೀನುಗಳನ್ನು ಮತ್ತೆ ಕಡಲಿಗೆ ಎಳೆದುಕೊಂಡು ಹೋಯಿತು.

ಬಿಗಿದ ಹಗ್ಗ ಒಮ್ಮೆ ಸಡಿಲಾಗಿ ಮತ್ತೆ ಹಿಂದಕ್ಕೆ ಸೆಳೆಯಿತು. ಅದರ ಜೊತೆ ಒಂದು ಗಾಳ ಹಾರಿ ದೂಮಪ್ಪನ ಅಂಗೈಗೆ ನುಗ್ಗಿತು. ಅವನು ಕೂಗಲಿಲ್ಲ. ಅವನ ಕೈ ಮೊದಲು ಹೋಯಿತು, ಆಮೇಲೆ ತೋಳು, ಆಮೇಲೆ ಎದೆ ಬೋಟಿನ ಅಂಚಿಗೆ ಬಂದು ಬಡಿಯಿತು. ಅಪ್ಪಲರಾಜು ಅವನ ಎರಡೂ ಕಾಲು ತಬ್ಬಿಕೊಂಡು ಬಿದ್ದ. ಅತ್ತ ಹಗ್ಗ, ಇತ್ತ ಅಪ್ಪಲರಾಜು, ನಡುವೆ ಮುದುಕ.

“ಕೊಯ್ಯಿರಿ!” ಎಂದು ಓಬಳೇಶ ಕನ್ನಡ ತೆಲುಗು ಎರಡರಲ್ಲೂ ಕಿರುಚಿದ. “ಕೊಯ್ಯಂಡ್ರಾ! ಬುಂಡೆ ಬ್ಯಾಡ, ಏನೂ ಬ್ಯಾಡ, ಹಗ್ಗ ಕೊಯ್ಯಿರಿ!”

ಯಾರ ಕೈಯಲ್ಲೂ ಚಾಕು ಇರಲಿಲ್ಲ. ನನ್ನ ಕೈಯಲ್ಲಿ ಸೌಟು. ಈರುಳ್ಳಿ ಹೆಚ್ಚುವ ಚಾಕು ಎಲ್ಲಿಗೆ ಉರುಳಿತ್ತೋ, ತಡಕಾಡಿ ಸಿಕ್ಕಿದ ಕೂಡಲೇ ತೆವಳಿಕೊಂಡು ಹೋಗಿ ಕೊಟ್ಟೆ. ಇನ್ನೊಬ್ಬ ಆಳು ಅದನ್ನು ಹಿಡಿದು ಮೊದಲು ದೂಮಪ್ಪನ ಗಾಳದ ದಾರ ಕೊಯ್ದ, ಆಮೇಲೆ ದೊಡ್ಡ ಹಗ್ಗ. ಹಗ್ಗ ತುಂಡಾದ ಕೂಡಲೇ ಬೋಟು ಮೇಲಕ್ಕೆ ಜಿಗಿಯಿತು. ಓಬಳೇಶ ಚುಕ್ಕಾಣಿಯ ಮೇಲೆ ಮೈಯೆಲ್ಲ ಹಾಕಿ ತಿರುಗಿಸಿದ. ಮುಂದಿನ ಅಲೆ ಮೂತಿಗೆ ಬಂತು, ಮಗ್ಗುಲಿಗೆ ಬಂದಿದ್ದರೆ ಇದನ್ನು ಹೇಳಲು ನಾನಿರುತ್ತಿರಲಿಲ್ಲ. ಎಷ್ಟು ಹೊತ್ತು ಹಾಗಿತ್ತೋ ತಿಳಿಯದು. ದೂಮಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಅವನ ಕೈಗೆ ನನ್ನ ಟವೆಲು ಸುತ್ತಿ ಬಿಗಿಯಾಗಿ ಹಿಡಿದಿದ್ದೆ, ಟವೆಲು ಕೆಂಪಾಗುತ್ತಲೇ ಇತ್ತು. ನಾನು ನೆನೆಯದ ದೇವರಿಲ್ಲ.

ಗಾಳಿ ಹೋದ ಮೇಲೆ ನೋಡಿದರೆ ಗೆರೆಯೂ ಇಲ್ಲ, ಹಕ್ಕಿಯೂ ಇಲ್ಲ. ಹಗ್ಗ ಯಾವ ಕಡೆ ಹೋಯಿತೋ, ಅದರಲ್ಲಿ ಸಿಕ್ಕಿದ್ದ ಮೀನುಗಳು ಏನಾದವೋ. ಬಾವುಟ ಕಟ್ಟಿದ್ದರೆ ಹುಡುಕಬಹುದಿತ್ತು. ಓಬಳೇಶ ಹುಡುಕಲೂ ಇಲ್ಲ. ದೂಮಪ್ಪನ ಕೈ ನೋಡಿ ಬೋಟನ್ನು ನೇರ ಮಲ್ಪೆಗೆ ತಿರುಗಿಸಿದ. ಗೋದಾಮಿನ ಒಂದು ಮೂಲೆಯಲ್ಲಿ ಮೊದಲು ಒಳಗೆ ಹಾಕಿದ ನಾಲ್ಕಾರು ಮೀನುಗಳಿದ್ದವು.

ಬಂದರು ಹತ್ತಿರವಾದಾಗ ದೂಮಪ್ಪ ನಮ್ಮನ್ನೆಲ್ಲ ಹತ್ತಿರ ಕರೆದ. ಜ್ವರದಿಂದ ಅವನ ತುಟಿ ಒಡೆದಿತ್ತು. “ಅಕ್ಕ ಕೇಳಿದ್ರೆ ಗಾಳಿ ಒಮ್ಮೆಗೇ ಬಂತು ಅಂತ ಹೇಳುವ. ಕಡಲಲ್ಲಿ ಆಗ್ತದೆ. ನೀರು ಹುಡುಕಿದವ ಇವ. ಅಂಥ ನೀರು ನಾನು ಕಂಡು ಎಷ್ಟು ಕಾಲ ಆಯ್ತು” ಎಂದ. ಎಲ್ಲರೂ ತಲೆಯಾಡಿಸಿದರು. ನನಗೆ ಆ ಮುದುಕನ ಕಾಲು ಹಿಡಿಯಬೇಕೆನ್ನಿಸಿತು. ಓಬಳೇಶ ಒಳಗೆ ಚುಕ್ಕಾಣಿ ಹಿಡಿದಿದ್ದ, ಬಾಗಿಲು ತೆರೆದಿತ್ತು. ಕೇಳಿಸಿರಲೇಬೇಕು.

ಜಲಜಕ್ಕ ಬೋಟುಗಳು ಬಂದು ನಿಲ್ಲುವ ಧಕ್ಕೆಯ ಮೇಲೆ ನಿಂತಿದ್ದಳು. ದೊಡ್ಡ ಹೆಂಗಸು, ಗಟ್ಟಿ ಧ್ವನಿ. ಮೊದಲು ದೂಮಪ್ಪನ ಕೈ ನೋಡಿ ಆಟೋ ತರಿಸಿದಳು. ಆಮೇಲೆ ಗೋದಾಮಿಗೆ ಇಣುಕಿದಳು. ಆಮೇಲೆ ಹಗ್ಗದ ಖಾಲಿ ಚಕ್ರ ನೋಡಿದಳು.

“ಎಂಥ ಆಯ್ತು?”

ದೂಮಪ್ಪನೇ ಹೇಳಿದ. ಆಟೋದಲ್ಲಿ ಕುಳಿತೇ, ನೀರು ಸಿಕ್ಕಿದ್ದು, ಮೀನು ಬಂದದ್ದು, ಗಾಳಿ ಒಮ್ಮೆಗೇ ಎದ್ದದ್ದು. ಅಪ್ಪಲರಾಜು ಅರ್ಧ ಕನ್ನಡದಲ್ಲಿ ಹೂಂ ಹೂಂ ಎಂದ. ಜಲಜಕ್ಕ ಗೋದಾಮಿನಲ್ಲಿದ್ದ ದೊಡ್ಡ ಮೀನೊಂದನ್ನೇ ನೋಡಿದಳು. ಕಡಲಿನ ಜನ ಅವಳು. ಗಂಡನನ್ನು ಕಡಲಿಗೇ ಕೊಟ್ಟವಳು.

“ಗಾಳಿಗೆ ಯಾರು ಎಂಥ ಮಾಡ್ಲಿಕ್ಕಾಗ್ತದೆ” ಎಂದಳು ಕೊನೆಗೆ. “ನೀರು ಹುಡುಕಿದ್ದಿ, ಜನರನ್ನು ಜೀವಂತ ತಂದಿದ್ದಿ. ಹೊಸ ಹಗ್ಗ ಮಾಡುವ. ಮುಂದಿನ ಸಲವೂ ನೀನೇ ಹೋಗು ಓಬಳೇಶ.”

ನನಗೆ ಹೋದ ಜೀವ ಬಂದಂತಾಯಿತು. ಸೂರಮ್ಮನಿಗೆ ಫೋನು ಮಾಡಲು ಜೇಬಿಗೆ ಕೈ ಹಾಕಿದೆ.

“ಗಾಳಿ ಒಮ್ಮೆಗೇ ಬರ್ಲಿಲ್ಲ ಅಕ್ಕ” ಎಂದ ಓಬಳೇಶ.

ನಾನು ಅವನ ಕಾಲು ತುಳಿದೆ. ಅವನು ಕದಲಲಿಲ್ಲ.

“ಮೋಡ ಕಂಡಿತ್ತು. ದೂಮಪ್ಪಣ್ಣ ಕೂಗಿ ಹೇಳಿದ್ರು. ಬುಂಡೆ ಕಟ್ಟಿ ಬಿಟ್ಟು ಬರೋಷ್ಟು ಟೈಮಿತ್ತು. ನಾನು ನಗ್ತಾ ನಿಂತಿದ್ದೆ.”

“ನಗ್ತಾ? ಎಂಥದಕ್ಕೆ ನಗುವುದು?”

“ನಮ್ ಕಡೆ ಮೋಡ ಬಂದ್ರೆ ನಗ್ತೀವಿ ಅಕ್ಕ.”

ನನಗೆ ತಡೆಯಲಾಗಲಿಲ್ಲ. ಅಷ್ಟು ಜನರ ಎದುರೇ ಬೈದುಬಿಟ್ಟೆ. “ಲೇ, ನಿನ್ ಬಾಯಿಗೆ ಮಣ್ಣಾಕ! ಅವ್ರು ನಿನ್ ಕೈಗೇ ಕೊಡ್ತೀನಿ ಅಂತಾರೆ, ಪೆಟ್ಟು ತಿಂದೋರೇ ಸುಮ್ಕಿದ್ದಾರೆ, ನಿಂದೇನಲೇ?”

ಅವನು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. ಬಹಳ ದಣಿದಿದ್ದ.

“ಭಾವ, ಮೋಡ ಮತ್ತೆ ಬರ್ತೈತೆ. ಬಂದಾಗ ಇವ್ರೆಲ್ಲ ನನ್ ಮುಖ ನೋಡ್ತಾರೆ. ಆವತ್ತೂ ನೋಡಿದ್ರು. ನನ್ ಮುಖ ನಗ್ತಾ ಇದ್ರೆ ಅವ್ರು ಏನ್ ಮಾಡ್ಬೇಕು?”

ಧಕ್ಕೆಯ ಮೇಲೆ ಮೀನು ಹೊರುವ ಹೆಂಗಸರು ಕೂಡ ನಿಂತುಬಿಟ್ಟಿದ್ದರು. ಜಲಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಆಟೋದ ಕಡೆ ನೋಡಿದಳು.

“ದೂಮಪ್ಪಣ್ಣ, ಬೋಟು ನೀವು ನೋಡಿಕೊಳ್ಳಿ” ಎಂದಳು.

ತಾನು ಕಾದಿದ್ದ ಮಾತು ಇಷ್ಟು ವರ್ಷಗಳ ಮೇಲೆ ಕಿವಿಗೆ ಬಿದ್ದರೂ ಆ ಮುದುಕ ಹಿಗ್ಗಲಿಲ್ಲ. ಟವೆಲು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಓಬಳೇಶನನ್ನೇ ನೋಡಿದ.

“ಆಯ್ತು. ಆದ್ರೆ ಇವನೂ ಬರ್ಬೇಕು, ಹಗ್ಗ ಎಳೀಲಿಕ್ಕಲ್ಲ” ಎಂದ. “ನೀರು ಇವ ನೋಡ್ಲಿ. ಮೋಡ ನಾನು ನೋಡ್ತೇನೆ.”

ಆಟೋ ಹೊರಟಿತು. ಓಬಳೇಶ ಬೋಟಿನ ಅಂಚಿನ ಮೇಲೆ ಕುಳಿತು ಗಟ್ಟಿಯಾಗಿಯೇ ಅತ್ತ. ನಾನು ಪಕ್ಕದಲ್ಲಿ ಕುಳಿತು ಅವನ ಬೆನ್ನು ಸವರಿದೆ. ಅವನು ಕಳೆದುಕೊಂಡದ್ದಕ್ಕೆ ಅಳುತ್ತಿದ್ದಾನೋ ಉಳಿದದ್ದಕ್ಕೆ ಅಳುತ್ತಿದ್ದಾನೋ ಎಂದು ಕೇಳಲು ಹೋಗಲಿಲ್ಲ.